ಲಕ್ಷದ ಮೇಲೊಂದು ಬತ್ತಿ

ವೇದವತಿ ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ಮಳವಳ್ಳಿಯಲ್ಲಿ ಮೇಷ್ಟರಾಗಿದ್ದ ಅಣ್ಣ ಕಸ್ತೂರಿರಂಗನ ಮನೆ ಸೇರಿದವಳು. ಅಣ್ಣನ ಗಣಿತದ ಪುಸ್ತಕಗಳನ್ನೆಲ್ಲ ಕದ್ದು ಓದಿದ್ದಳು. ಅದು ಯಾರಿಗೂ ಬೇಕಿರಲಿಲ್ಲ. ಬೇಕಾಗಿದ್ದದ್ದು ಅವಳು ಹೊಸೆಯುವ ಬತ್ತಿ.

೧೯೩೪ರಲ್ಲಿ ಕಸ್ತೂರಿರಂಗ ವಿಷಮಶೀತ ಜ್ವರದಿಂದ ಬದುಕಿ ಉಳಿದಾಗ, ಅವನ ಹೆಂಡತಿ ಪಂಕಜಮ್ಮ ಗಂಡನ ಆಯುಸ್ಸಿಗಾಗಿ ಲಕ್ಷಬತ್ತಿ ಹರಸಿಕೊಂಡಳು. ಹರಕೆ ಅತ್ತಿಗೆಯದು, ಹೊಸೆದದ್ದು ಮಾತ್ರ ನಾದಿನಿ, ಎರಡು ವರ್ಷ. ಆ ಮನೆಯಲ್ಲಿ ಲಕ್ಷದ ಮೇಲೊಂದು ಸೇರಿಸಬೇಕು. ಕಾರ್ತಿಕದಲ್ಲಿ ಮುತ್ತೈದೆಯರು ಅಷ್ಟನ್ನೂ ಸಮನಾಗಿ ಹಂಚಿಕೊಂಡು ಹಚ್ಚಬೇಕು, ಒಂದೂ ಮಿಗಬಾರದು. ವಿಧವೆ ಹಚ್ಚುವಂತಿಲ್ಲ. ವೇದವತಿಗೋ ಒಂದೇ ಆಸೆ, ತಾನೂ ಹಚ್ಚಬೇಕು.

ಪಂಕಜಮ್ಮನೂ ಸೇರಿ ಹತ್ತು ಮುತ್ತೈದೆಯರು ಎಂದು ಗೊತ್ತಾಗಿತ್ತು. ಹಂಚಿದರೆ ಒಂದು ಮಿಕ್ಕಿತು. ಕಸ್ತೂರಿರಂಗ ಸ್ಲೇಟು ಹಿಡಿದು ಎರಡರಿಂದ ಹತ್ತರವರೆಗೆ ಭಾಗಿಸಿ ನೋಡಿದ. ಏಳಕ್ಕೆ ಆರು ಮಿಕ್ಕಿತು, ಒಂಬತ್ತಕ್ಕೆ ಎರಡು. ಇರುವವರೇ ಹತ್ತು ಜನ, ಮುಂದೆ ಹೋಗುವ ಗೋಜೇಕೆ?

"ಇದು ಅವಿಭಾಜ್ಯ ಸಂಖ್ಯೆ ಕಣೇ, ಯಾವುದಕ್ಕೂ ಒಡೆಯೋದಿಲ್ಲ" ಎಂದ ಹೆಂಡತಿಗೆ.

"ಮಿಕ್ಕಿದ್ದೊಂದನ್ನ ವೇದಾ ಹಿತ್ತಲಲ್ಲಿ ಹಚ್ಚಲಿ ಬಿಡಿ" ಎಂದಳು ಪಂಕಜಮ್ಮ. ಅವಳು ಕರುಣೆಯಿಂದಲೇ ಹೇಳಿದ್ದು. ವೇದವತಿಯ ಮೈಯೆಲ್ಲ ಉರಿದುಹೋಯಿತು.

"ಒಡೆಯುತ್ತೆ ಅಣ್ಣ, ಹನ್ನೊಂದಕ್ಕೆ. ತಲಾ ಒಂಬತ್ತು ಸಾವಿರದ ತೊಂಬತ್ತೊಂದು. ಆ ಒಂಬತ್ತು ಸಾವಿರದ ತೊಂಬತ್ತೊಂದು ಇದೆಯಲ್ಲ, ನಿಜವಾದ ಅವಿಭಾಜ್ಯ ಅದು. ಅದರ ವರ್ಗಮೂಲ ತೊಂಬತ್ತೈದು ಚಿಲ್ಲರೆ, ಅಲ್ಲಿವರೆಗೂ ಭಾಗಿಸಿ ನೋಡಿದೀನಿ. ಅಂದ್ರೆ ಒಬ್ಬಳೇ ಅಷ್ಟನ್ನೂ ಹಚ್ಚಬೇಕು, ಇಲ್ಲ ಹನ್ನೊಂದು ಜನ. ಒಂಬತ್ತು ಸಾವಿರ ಜನ ಈ ಮನೇಲಿ ಹಿಡಿಸೋಲ್ಲ, ಬೇರೆ ದಾರಿ ಇಲ್ಲ."

ಕಸ್ತೂರಿರಂಗ ಸ್ಲೇಟು ಒರೆಸಿ ಗುಣಿಸಿದ. ಸರಿಯಾಗಿತ್ತು. ಮೇಷ್ಟರ ಮುಖ ಸಪ್ಪಗಾಯಿತು.

"ಹಾಗಾದ್ರೆ ಬೆಳಕವಾಡಿಯಿಂದ ಇಂದ್ರಮ್ಮನ್ನೂ ಕರೆಸಿ, ಅವರೂ ಮುತ್ತೈದೆ, ಹನ್ನೊಂದಾಗುತ್ತೆ" ಎಂದಳು ಪಂಕಜಮ್ಮ.

ಲೆಕ್ಕ ಗೆದ್ದರೂ ಬಾಗಿಲು ತೆರೆಯಲಿಲ್ಲ. ವೇದವತಿ ಸುಮ್ಮನೆ ಹನ್ನೊಂದು ಪಾಲು ಎಣಿಸಿಟ್ಟಳು. ಅದಕ್ಕೆ ಮೂರು ದಿನ ಹಿಡಿಯಿತು. ಹತ್ತನ್ನು ಅತ್ತಿಗೆಯ ಮುಂದೆ ತಳ್ಳಿ, ಹನ್ನೊಂದನೆಯದನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತಳು.

"ಇದು ನಂದು ಅತ್ತಿಗೆ. ಇಂದ್ರಮ್ಮನೋರು ಬಂದ್ರೆ ಅವರ ಪಾಲು ಅವರೇ ಹೊಸೆದುಕೊಳ್ಳಲಿ."

"ನಿನ್ನ ಅಣ್ಣನ ಆಯುಸ್ಸಿನ ವಿಷಯ ಕಣೇ, ವೇದಾ!" ಪಂಕಜಮ್ಮನಿಗೆ ಅಳು ಬಂದಿತ್ತು. ಅವಳ ಭಯ ಸುಳ್ಳಿನದಲ್ಲ.

"ಅವನ ಆಯುಸ್ಸಿಗೇ ತಾನೇ ಎರಡು ವರ್ಷ ಹೊಸೆದದ್ದು? ಆಗ ನನ್ನ ಕೈ ಆಗಿತ್ತಲ್ಲ."

ಕೊನೆಗೆ ಕಸ್ತೂರಿರಂಗನೇ ಎದ್ದು ದೇವರ ಮುಂದೆ ಹನ್ನೊಂದನೆಯ ಮಣೆ ಹಾಕಿದ. "ಆಯುಸ್ಸು ನಂದು. ಕೂತ್ಕೋ" ಎಂದ ತಂಗಿಗೆ.

ಹುಣ್ಣಿಮೆಯ ಸಂಜೆ ಕರೆದ ಮುತ್ತೈದೆಯರಲ್ಲಿ ಇಬ್ಬರು ಮುಖ ತಿರುಗಿಸಿ ಎದ್ದು ಹೋದರು. ವೇದವತಿಯೂ ಸೇರಿ ಉಳಿದವರು ಒಂಬತ್ತೇ ಜನ, ಹಂಚಿಕೆ ಮತ್ತೆ ಕೆಟ್ಟಿತು. ಪಂಕಜಮ್ಮ ಬಾಗಿಲ ಕಡೆ ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ಮಿಕ್ಕ ಎರಡು ಪಾಲನ್ನೂ ಎತ್ತಿ ತಂದು ನಾದಿನಿಯ ಮಣೆಯ ಮುಂದಿಟ್ಟಳು.