ಪಾಳಿಯ ಸುದ್ದಿ

ಚಳ್ಳಕೆರೆಯ ಪತ್ರಕರ್ತರಲ್ಲಿ ಒಂದು ಪದ್ಧತಿ ಇದೆ. ತಾಲ್ಲೂಕಿನ, ಪಕ್ಕದ ಮೊಳಕಾಲ್ಮೂರು ಕಡೆಯ ಸಣ್ಣಪುಟ್ಟ ಸುದ್ದಿಯನ್ನು ದಿನಕ್ಕೊಬ್ಬರು ಪಾಳಿಯ ಮೇಲೆ ಬರೆಯುತ್ತಾರೆ. ಬರೆದವನು ಉಳಿದವರಿಗೆ ಕಳಿಸುತ್ತಾನೆ. ಅವರು ತಲೆಬರಹ ಬದಲಿಸಿ ತಮ್ಮ ತಮ್ಮ ಪತ್ರಿಕೆಗೆ ರವಾನಿಸುತ್ತಾರೆ. ನಾನು ಅಲ್ಲಿ ವರದಿಗಾರನಾಗಿದ್ದ ಕಾಲದಲ್ಲಿ ಹಾಳೆಯ ಕೆಳಗೆ ಕಾರ್ಬನ್ ಇಟ್ಟು ಬರೆದು ಬಸ್ಸಿನ ಕಂಡಕ್ಟರ್ ಕೈಗೆ ಕವರ್ ಕೊಡುತ್ತಿದ್ದೆವು. ಈಗ ವಾಟ್ಸ್ಆ್ಯಪ್ ಗುಂಪಿದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಪತ್ರಿಕೆಗಳು ಕೊಡುವ ಸಂಭಾವನೆಯಲ್ಲಿ ತಳಕಿನಿಂದ ಗೌರಸಮುದ್ರದವರೆಗೆ ಎಲ್ಲರೂ ದಿನವೂ ಬೈಕಿನಲ್ಲಿ ತಿರುಗಲು ಆಗುವುದಿಲ್ಲ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಮುಂದೆ ಆದದ್ದೆಲ್ಲ ಈ ಪದ್ಧತಿಯಿಂದಲೇ ಆಯಿತು.

ನಾನು ಊರು ಬಿಟ್ಟು ಬಹಳ ಕಾಲವಾಗಿದೆ. ಐರ್ಲೆಂಡಿನ ಪತ್ರಿಕೆಯೊಂದರಲ್ಲಿ ಬೇರೆಯವರ ಸುದ್ದಿ ತಿದ್ದುವ ಕೆಲಸ. ಹೆಂಡತಿ ಅಲ್ಲಿಯವಳೇ. ಇಬ್ಬರ ಪಾಸ್‌ಪೋರ್ಟೂ ಅಲ್ಲಿಯದೇ. ಹಾಗಾಗಿ ನಾವು ಮಗುವನ್ನು ದತ್ತು ಪಡೆಯಲು ಬಂದಾಗ, ಚಳ್ಳಕೆರೆಯಲ್ಲಿ ಹುಟ್ಟಿದ ನಾನೂ ಕಾನೂನಿನ ಪ್ರಕಾರ ವಿದೇಶಿಯೇ ಆಗಿದ್ದೆ. ಮಗು ಪಕ್ಕದ ಜಿಲ್ಲೆಯ ಮಕ್ಕಳ ಮನೆಯೊಂದರಲ್ಲಿದ್ದ ನಾಲ್ಕು ವರ್ಷದ ಹುಡುಗಿ. ಅಂತಿಮ ಆದೇಶ ಬರುವವರೆಗೆ ಅವಳನ್ನು ನಮ್ಮ ಜೊತೆ ಇಟ್ಟುಕೊಳ್ಳಬಹುದಿತ್ತು, ದೇಶದಿಂದ ಹೊರಗೆ ಕರೆದೊಯ್ಯುವಂತಿರಲಿಲ್ಲ. ಬೆಂಗಳೂರಿನಲ್ಲಿ ಕಾಯುವವರೇ ಹೆಚ್ಚು. ನನಗೆ ಮಾತ್ರ, ಅವಳಾಡುವ ಭಾಷೆ ಕೇಳಿಸುವ ಕಡೆಯೇ ಅವಳು ನಮಗೆ ಒಗ್ಗಿಕೊಳ್ಳಲಿ ಎನ್ನಿಸಿತು.

ಮನೆ ಹುಡುಕಿಕೊಟ್ಟವನು ಚಳ್ಳಕೆರೆಯ ಹಳೆಯ ಗೆಳೆಯ. ಕಾರ್ಬನ್ ಹಾಳೆಯ ಕಾಲದಲ್ಲಿ ಪಕ್ಕದ ಕುರ್ಚಿಯವನು. ಈಗಲೂ ಅದೇ ಕೆಲಸದಲ್ಲಿದ್ದಾನೆ.

"ಮೊಳಕಾಲ್ಮೂರಲ್ಲಿ ಐತೆ ಕಣಲೇ. ಕೆಳಗೆ ಮಗ್ಗ, ಮೇಲೆ ನೀವು. ಹೊತ್ತು ಹುಟ್ಟಿದ್ರೆ ಲಟಪಟ ಅಂತೈತೆ, ನಿಮ್ಮ ಮೇಡಂ ಓಡಿಹೋಗದಿದ್ರೆ ಸಾಕು" ಎಂದ.

ಅವಳು ಓಡಿಹೋಗಲಿಲ್ಲ. ಕೆಳಗಿನ ಮನೆಯವರು ರೇಷ್ಮೆ ಸೀರೆ ನೇಯುವವರು. ಮನೆಯೊಳಗೆ ತೆಲುಗು, ನಮ್ಮೊಡನೆ ಕನ್ನಡ. ಮಗು ಬಂದ ದಿನದಿಂದಲೇ ಅವರ ಮಗ್ಗದ ಪಕ್ಕ ಹೋಗಿ ಕೂರತೊಡಗಿತು. ನೇಕಾರ ಮಾತಾಡುತ್ತಿರಲಿಲ್ಲ. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವುದನ್ನು ನೋಡುತ್ತ ಹುಡುಗಿಯೂ ಮಾತಾಡುತ್ತಿರಲಿಲ್ಲ. ಇಬ್ಬರಿಗೂ ಅದು ಹೊಂದಿತ್ತು.

ಮೊದಲ ವಾರ ಗೆಳೆಯ ನಮ್ಮಲ್ಲಿಗೆ ಊಟಕ್ಕೆ ಬಂದ. ಮಗುವಿಗೆ ಕಡ್ಲೆಮಿಠಾಯಿ ತಂದಿದ್ದ. ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಬೀದಿಯ ತುದಿಯವರೆಗೆ ಸುತ್ತು ಹಾಕಿಸಿದ. ತಟ್ಟೆಯ ಮುಂದೆ ಕೂತಾಗ ಹುಡುಗಿ ನನ್ನ ಹೆಂಡತಿಯ ಕಡೆ ನೋಡಿ, "ಆಂಟಿ, ನೀರು" ಎಂದಳು. ಮಕ್ಕಳ ಮನೆಯಲ್ಲಿ ನೋಡಿಕೊಳ್ಳುವ ಹೆಂಗಸರನ್ನೆಲ್ಲ ಅವಳು ಕರೆಯುತ್ತಿದ್ದದ್ದು ಹಾಗೆಯೇ.

"ಆಂಟಿನಾ?" ಎಂದು ಗೆಳೆಯ ನಕ್ಕ. "ಇನ್ನೂ ಪ್ರಮೋಷನ್ ಆಗಿಲ್ಲ ಅನ್ನು."

ಪ್ರಮೋಷನ್ ಕೊಡಿಸಿದ್ದು ನೇಕಾರನ ಹೆಂಡತಿ. ಲಾಳಿಯೊಳಗಿಡುವ ಉಂಡೆಗೆ ನೂಲು ಸುತ್ತುತ್ತ ಕೂತಲ್ಲೇ ಆಕೆ ಪಾಠ ಮಾಡುತ್ತಿದ್ದಳು.

"ಆಂಟಿ ಅಲ್ಲ ಪಾಪ, ಅವ್ವ. ನಾನು ಅತ್ತ. ಯಾರು ನಾನು?" ಅತ್ತೆಗೆ ತೆಲುಗಿನಲ್ಲಿ ಅತ್ತ.

"ಅತ್ತ."

"ಮೇಲಿರೋಳು?"

ಹುಡುಗಿ ಮತ್ತೆ ಲಾಳಿಯ ಕಡೆ ತಿರುಗುತ್ತಿದ್ದಳು. ಹೀಗೆ ಹಲವು ವಾರ ಹೋದವು. ಒಂದು ಮಧ್ಯಾಹ್ನ ನನ್ನ ಹೆಂಡತಿ ಒಣಗಿದ ಬಟ್ಟೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದಾಗ ಕೆಳಗಿನಿಂದ ಕೇಳಿತು: "ಅವ್ವಾ, ಇಲ್ನೋಡು." ಸೀರೆಯ ಅಂಚಿನಲ್ಲಿ ನವಿಲು ಮೂಡುತ್ತಿತ್ತು, ಅಷ್ಟೇ. ನನ್ನ ಹೆಂಡತಿಗೆ ಬರುತ್ತಿದ್ದ ಕನ್ನಡ ಹತ್ತಿಪ್ಪತ್ತು ಪದ. ಅದರಲ್ಲಿ ಇದೂ ಒಂದು. ಆದರೂ ಅವಳು ಬಟ್ಟೆಯ ರಾಶಿಯ ಮೇಲಿಂದ, ಹಿಂದೆ ಬರುತ್ತಿದ್ದ ನನ್ನ ಕಡೆ ತಿರುಗಿ, ಏನಂದಳು ಎಂದು ಕೇಳಿದಳು. ನಾನು ಹೇಳಿದೆ. ಇನ್ನೊಮ್ಮೆ ಹೇಳು ಎಂದಳು. ಅಂದಿನಿಂದ ಮಗು ಬೇರೆ ಹೆಸರಿನಿಂದ ಅವಳನ್ನು ಕರೆಯಲಿಲ್ಲ.

ಅದಾಗಿ ಕೆಲವು ದಿನಕ್ಕೆ, ಬೆಳಗಿನ ಪತ್ರಿಕೆಗಳಲ್ಲಿ ನಾವಿದ್ದೆವು.

ತಲೆಬರಹಗಳು ಬೇರೆ ಬೇರೆ, ಒಳಗಿನ ಸಾಲುಗಳು ಒಂದೇ. ನನ್ನ ಕೈಗೆ ಸಿಕ್ಕ ಐದು ಪತ್ರಿಕೆಗಳಲ್ಲೂ ಅದೇ. ವಿದೇಶಿ ದಂಪತಿಯೊಂದು ಮೊಳಕಾಲ್ಮೂರಿನ ಬಾಡಿಗೆ ಮನೆಯಲ್ಲಿ ನಾಲ್ಕು ವರ್ಷದ ಹೆಣ್ಣುಮಗುವಿನೊಡನೆ ವಾಸವಾಗಿದೆ. ಮಗು ಸ್ಥಳೀಯಳಂತೆ ಕಾಣುತ್ತದೆ. ಮಗು ಮಹಿಳೆಯನ್ನು 'ಆಂಟಿ' ಎಂದು ಕರೆಯುತ್ತದೆ. ಮಗುವನ್ನು ವಿದೇಶಕ್ಕೆ ಕರೆದೊಯ್ಯುವ ಸಿದ್ಧತೆ ನಡೆದಿದೆ. ಸಾರ್ವಜನಿಕರಲ್ಲಿ ಅನುಮಾನ ಮೂಡಿದ್ದು, ಅಧಿಕಾರಿಗಳು ಗಮನಿಸಬೇಕಿದೆ.

ಓದಿ ಮುಗಿಸಿ ನಾನು ಮಾಡಿದ ಮೊದಲ ಕೆಲಸ, ಅಭ್ಯಾಸಬಲದಿಂದ, ತಪ್ಪು ಹುಡುಕುವುದು. ಒಂದೊಂದೇ ವಾಕ್ಯ ತೆಗೆದುಕೊಂಡು ನೋಡಿದೆ. ಒಂದನ್ನು ಬಿಟ್ಟರೆ ಯಾವುದೂ ಸುಳ್ಳಲ್ಲ. ಆ ಒಂದೂ ಕೆಲವು ದಿನಗಳ ಹಿಂದಿನವರೆಗೆ ನಿಜವಾಗಿತ್ತು. ಇರಬೇಕಾಗಿದ್ದು ಇರದ ಒಂದೇ ಸಾಲು, ಕಾನೂನುಬದ್ಧ ದತ್ತು ಪ್ರಕ್ರಿಯೆ ನಡೆಯುತ್ತಿದೆ ಎಂಬುದು. ನಮ್ಮ ಹೆಸರಿರಲಿಲ್ಲ. ಅಂಥ ಸುದ್ದಿಗೆ ತಿದ್ದುಪಡಿ ಕೇಳಿ ಯಾರಾದರೂ ನನ್ನ ಡೆಸ್ಕಿಗೆ ಬಂದಿದ್ದರೆ, ಹಾಕಿಸುವುದು ನನಗೇ ಕಷ್ಟವಾಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಜೀಪು ಬಂತು. ಮಕ್ಕಳ ರಕ್ಷಣೆಯ ಕಚೇರಿಯ ಒಬ್ಬ ಅಧಿಕಾರಿ, ಒಬ್ಬ ಮಹಿಳಾ ಸಿಬ್ಬಂದಿ. ಇಬ್ಬರೂ ಸಭ್ಯರು. ಕಾಗದಗಳನ್ನೆಲ್ಲ ನೋಡಿದರು.

"ಎಲ್ಲಾ ಸರಿ ಐತೆ ಸಾರ್. ಆದ್ರೆ ಐದು ಪೇಪರಲ್ಲಿ ಬಂದೈತಲ್ಲ? ಒಂದಾದ್ರೆ ಬಿಡಬಹುದಿತ್ತು. ಐದು ಪೇಪರೂ ಸುಳ್ಳು ಹೇಳ್ತಾವಾ ಅಂತ ಮೇಲಿನೋರು ಕೇಳಿದ್ರೆ ಏನ್ ಹೇಳಾಣ?"

ಐದಲ್ಲ, ಒಂದೇ ಎಂದೆ. ಪಾಳಿಯ ಪದ್ಧತಿಯನ್ನು ವಿವರಿಸಿದೆ. ಅವರು ಸಹನೆಯಿಂದ ಕೇಳಿದರು. ನೆಪ ಹೇಳಿದಂತೆ ಅದು ನನ್ನ ಕಿವಿಗೇ ಕೇಳಿಸಿತು.

"ಪರಿಶೀಲನೆ ಮುಗಿಯೋವರೆಗೂ ಮಗು ಮಕ್ಕಳ ಮನೇಲಿರಲಿ ಸಾರ್. ನಿಮಗೂ ಅದೇ ಒಳ್ಳೇದು."

ನಾನು ಒಳಗೆ ಸಹಿ ಹಾಕುತ್ತಿದ್ದೆ. ಹೊರಗೆ ಅಂಗಳದಲ್ಲಿ ಮಹಿಳಾ ಸಿಬ್ಬಂದಿ ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನಗುತ್ತ ಕೇಳಿದರು: "ಜೀಪಲ್ಲಿ ಒಂದು ರೌಂಡ್ ಹೋಗಿ ಬರಾಣ, ಬರ್ತೀಯಾ ಪುಟ್ಟಿ?" ಹುಡುಗಿ ಹೋಗಲಿಲ್ಲ. ತಿರುಗಿ ನನ್ನ ಹೆಂಡತಿಯ ಮುಖ ನೋಡಿದಳು. ಹೆಂಡತಿಗೆ ಆ ವಾಕ್ಯ ಅರ್ಥವಾಗಲಿಲ್ಲ. ನಗುಮುಖದಲ್ಲಿ ಏನನ್ನೋ ಕೇಳುತ್ತಿದ್ದಾರೆ, ಮಗು ತನ್ನ ಒಪ್ಪಿಗೆಗೆ ಕಾಯುತ್ತಿದೆ ಎಂಬುದಷ್ಟೇ ತಿಳಿಯಿತು. ತಲೆಯಾಡಿಸಿದಳು. ಹುಡುಗಿ ಆ ಹೆಂಗಸಿನ ಕೈ ಹಿಡಿದು, ಚಪ್ಪಲಿಯನ್ನೂ ಹಾಕಿಕೊಳ್ಳದೆ, ಜೀಪು ಹತ್ತಿದಳು.

ಸಹಿಯಾದ ಹಾಳೆ ಹಿಡಿದು ಅಧಿಕಾರಿ ಮೊದಲು ಹೊರಟರು; ಉಳಿದ ಕಾಗದ ಎತ್ತಿಟ್ಟು ನಾನು ಹೊರಗೆ ಬಂದಾಗ ಜೀಪು ಬೀದಿಯ ತಿರುವಿನಲ್ಲಿತ್ತು. ಎಲ್ಲಿಗೆ ಹೋದರು ಎಂದು ನನ್ನ ಹೆಂಡತಿ ನನ್ನನ್ನು ಕೇಳಿದಳು. ಅದನ್ನು ನಾನು ಹೇಳಬೇಕಾಯಿತು. ನೇಕಾರನ ಹೆಂಡತಿ ಬಾಗಿಲಲ್ಲಿ ನಿಂತು, "ವಾಡಿ ನೋಟ್ಲೋ ಮನ್ನು ಪಡ" ಎಂದು ಶಪಿಸಿ, ನನಗಾಗಿ ಕನ್ನಡದಲ್ಲೂ ಹೇಳಿದಳು: "ಬರೆದೋನ ಬಾಯಾಗೆ ಮಣ್ಣು ಬೀಳ." ಒಳಗೆ ಮಗ್ಗ ನಿಂತಿತ್ತು. ಸಂಜೆಯವರೆಗೂ ನಿಂತೇ ಇತ್ತು.

ಮರುದಿನ ಚಳ್ಳಕೆರೆಗೆ ಹೋದೆ. ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಎಲ್ಲರೂ ಇದ್ದರು. ಬರೆದವರು ಯಾರು ಎಂದು ಕೇಳಿದೆ. ಗ್ರೂಪಲ್ಲಿ ಬಂತು ಸಾರ್, ಎಂದ ಒಬ್ಬ. ನಂಗೂ ಗ್ರೂಪಲ್ಲೇ, ಎಂದ ಇನ್ನೊಬ್ಬ. ಗೆಳೆಯ ಲೋಟ ಕೆಳಗಿಡದೆ ಹೇಳಿದ: "ಎಲ್ಲರೂ ಹಾಕಿದ್ರು, ನಾನೂ ಹಾಕ್ದೆ. ನಾನೊಬ್ಬ ಬಿಟ್ರೆ ನಮ್ಮ ಆಫೀಸಲ್ಲಿ ಕೇಳಲ್ವೇನಲೇ?"

"ಅವಳು ಆಂಟಿ ಅಂತ ಕರೆದದ್ದನ್ನ ಕೇಳಿದೋನು ಈ ಊರಲ್ಲಿ ನೀನೊಬ್ಬನೇ" ಎಂದೆ.

ಉಳಿದವರು ಒಬ್ಬೊಬ್ಬರಾಗಿ ಬೈಕುಗಳ ಕಡೆ ಹೋದರು. ಅವನು ಲೋಟ ಕೆಳಗಿಟ್ಟ.

"ಅವತ್ತು ನನ್ನ ಪಾಳಿ ಕಣೋ. ಏನೂ ಇರ್ಲಿಲ್ಲ. ಒಂದು ಅಪಘಾತ ಇಲ್ಲ, ಒಂದು ಪ್ರತಿಭಟನೆ ಇಲ್ಲ. ಸಂಜೆ ಐದಾಗೈತೆ, ಎಲ್ರೂ ಕೇಳ್ತಾವ್ರೆ. ಹೆಸರು ಹಾಕಿದ್ನಾ? ಇಲ್ಲ. ಸುಳ್ಳು ಬರೆದ್ನಾ?"

"ದತ್ತು ಅನ್ನೋ ಸಾಲು?"

"ಅದನ್ನ ಹಾಕಿದ್ರೆ ಸುದ್ದಿ ಎಲ್ಲೈತಲೇ?"

ನಮ್ಮ ಕಸುಬಿನಲ್ಲಿ ಅದಕ್ಕಿಂತ ಸರಿಯಾದ ಉತ್ತರ ಇಲ್ಲ. ಅವನಿಗೆ ದ್ವೇಷವಿರಲಿಲ್ಲ, ಹೊಟ್ಟೆಕಿಚ್ಚಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ತಟ್ಟೆಯ ಪಕ್ಕ ಕೂತು ಉಂಡವನು, ಖಾಲಿಯಾದ ಒಂದು ಸಂಜೆಯನ್ನು ತುಂಬಿಸಲು ನನ್ನ ಮಗಳನ್ನು ತೆಗೆದುಕೊಂಡ. ಚಹಾದ ದುಡ್ಡು ಕೊಡಲು ಅವನು ಕೈ ಚಾಚಿದ. ನಾನು ನನ್ನ ಲೋಟದ್ದು ನಾನೇ ಕೊಟ್ಟು ಬಂದೆ.

ಪರಿಶೀಲನೆ ವಾರಗಟ್ಟಲೆ ನಡೆಯಿತು. ನಮ್ಮ ವಿರುದ್ಧ ಏನೂ ಸಿಗಲಿಲ್ಲ. ಅದೇ ಜೀಪು ಮಗುವನ್ನು ತಂದು ಬಿಟ್ಟಿತು. ನೇಕಾರನ ಹೆಂಡತಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಹುಡುಗಿ ಅವಳನ್ನು ದಾಟಿ, ನೆಟ್ಟಗೆ ಒಳಗೆ ಹೋಗಿ ಮಗ್ಗದ ಪಕ್ಕ ಕೂತಳು. ನನ್ನ ಹೆಂಡತಿ ಹತ್ತಿರ ಹೋಗಿ ನೆಲದ ಮೇಲೆ ಕೂತಾಗ ಸ್ವಲ್ಪ ಸರಿದು ಜಾಗ ಕೊಟ್ಟಳು. ಬಹಳ ಹೊತ್ತಿನ ಮೇಲೆ, ತಿರುಗದೆಯೇ, "ಆಂಟಿ, ನೀರು" ಎಂದಳು.

ಸುದ್ದಿಯಲ್ಲಿ ತಪ್ಪಾಗಿದ್ದ ಆ ಒಂದು ವಾಕ್ಯವೂ ಈಗ ಸರಿಯಾಯಿತು.

ಆದೇಶ ಬಂದದ್ದು ಅದಾಗಿ ಕೆಲವು ತಿಂಗಳಿಗೆ. ಗೆಳೆಯನಿಗೆ ಯಾರೋ ಹೇಳಿರಬೇಕು, ಫೋನ್ ಮಾಡಿದ. "ಒಂದು ಫೋಟೋ ಕಳ್ಸು ಕಣಲೇ. ಊರ ಹುಡುಗ, ಅನಾಥ ಮಗು, ಚೆಂದ ಬರ್ತೈತೆ. ಎಲ್ಲಾ ಪೇಪರಲ್ಲೂ ಬರೋ ಹಂಗೆ ಮಾಡ್ತೀನಿ." ಮಾಡುತ್ತಿದ್ದ, ಅನುಮಾನವಿಲ್ಲ. ನಾನು ಫೋನ್ ಇಟ್ಟೆ. ಆಮೇಲೆ ನಾವು ಮಾತಾಡಿಲ್ಲ.

ಈಗ ಅವಳು ಐರ್ಲೆಂಡಿನ ನಮ್ಮ ಮನೆಯಲ್ಲಿದ್ದಾಳೆ. ಇಲ್ಲಿಯ ಶಾಲೆಗೆ ಹೋಗುತ್ತಾಳೆ, ಇಲ್ಲಿಯ ಮಾತಾಡುತ್ತಾಳೆ. ನೇಕಾರನ ಹೆಂಡತಿಯ ಜೊತೆ ವಿಡಿಯೋ ಕರೆಯಲ್ಲಿ ತೆಲುಗು ಬೆರೆಸಿ ಹರಟುತ್ತಾಳೆ. "ಅವ್ವ ಅಂತೀಯಾ ಇಲ್ವಾ?" ಎಂದು ಆಕೆ ಕೇಳಿದರೆ ಫೋನನ್ನು ನನ್ನ ಕೈಗೆ ಕೊಟ್ಟು ಎದ್ದು ಹೋಗುತ್ತಾಳೆ. ಮಲಗುವಾಗ ಚಪ್ಪಲಿಯನ್ನು ಹಾಸಿಗೆಯ ಒಳಗೇ ಇಟ್ಟುಕೊಳ್ಳುತ್ತಾಳೆ. ಮನೆಯ ಮುಂದೆ ಯಾವುದಾದರೂ ಕಾರು ನಿಂತರೆ, ಅವಳು ಕಿಟಕಿಯ ಕಡೆ ನೋಡುವುದಿಲ್ಲ, ನನ್ನ ಹೆಂಡತಿಯ ಮುಖ ನೋಡುತ್ತಾಳೆ.

ನನ್ನ ಹೆಂಡತಿ ತಲೆಯಾಡಿಸುವುದನ್ನು ಬಿಟ್ಟಿದ್ದಾಳೆ. ಅಂಗಡಿಯಲ್ಲಿ, ಕಚೇರಿಯಲ್ಲಿ, ಎಲ್ಲಿಯೂ. ಹೌದು ಎನ್ನಬೇಕಾದಾಗ ಕುತ್ತಿಗೆಯನ್ನು ನೆಟ್ಟಗಿಟ್ಟು ಬಾಯಿಬಿಟ್ಟು ಹೇಳುತ್ತಾಳೆ. ಕಾರು ಹೊರಟುಹೋಗುವವರೆಗೆ ಇಬ್ಬರೂ ಹಾಗೆಯೇ ಅಲುಗಾಡದೆ ಕೂತಿರುತ್ತಾರೆ.