ಬೆಲ್ಟಿಗೆ ಸಿಕ್ಕಿಸಿದ ಜಡೆ

ಟಕ್. ಒಂದು ಕ್ಷಣ ಮೌನ. ಆಮೇಲೆ ದೂರದ ಒಣಹುಲ್ಲಿನಲ್ಲಿ ಏನೋ ಮೆತ್ತಗೆ ಬಿದ್ದ ಸದ್ದು. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಆ ದಿನಗಳಲ್ಲಿ ನಾನು ಕಣ್ಣು ಬಿಡುತ್ತಿದ್ದದ್ದೇ ಈ ಸದ್ದಿಗೆ.

ಸದ್ದು ಮಾಡುತ್ತಿದ್ದವರು ಸಿದ್ದಾಪುರದ ಮುನಿಸ್ವಾಮಣ್ಣ. ಗಾಲ್ಫ್ ಕ್ಲಬ್ಬಿನಲ್ಲಿ ಎಷ್ಟೋ ವರ್ಷಗಳಿಂದ ಮೆಂಬರುಗಳ ಬ್ಯಾಗ್ ಹೊರುತ್ತಿದ್ದರು. ಕೆಲಸಕ್ಕೆ ಹೋಗುವ ಮುಂಚೆ, ಯಾರೋ ಬೇಡವೆಂದು ಬಿಟ್ಟ ಹಳೇ ಕೋಲಿನಲ್ಲಿ ನಮ್ಮ ಪಕ್ಕದ ಸೈಟಿನಲ್ಲಿ ಚೆಂಡು ಹೊಡೆದು ಪ್ರಾಕ್ಟೀಸ್ ಮಾಡುತ್ತಿದ್ದರು.

ನನಗೆ ಹನ್ನೊಂದು ವರ್ಷ. ಸಮ್ಮರ್ ಹಾಲಿಡೇಸ್. ಅಂಗಳದಲ್ಲಿ ಹಳೇ ಪಂಚೆಯ ಮೇಲೆ ಅಮ್ಮ ಇಟ್ಟ ಅರಳು ಸಂಡಿಗೆಯನ್ನು ಕಾಗೆಗಳಿಂದ ಕಾಯುವುದು ನನ್ನ ಡ್ಯೂಟಿ. ಒಂದು ಬೆಳಿಗ್ಗೆ ಆ ಬಿಳಿ ಚೆಂಡು ಹಾರಿಬಂದು ಹಸಿ ಸಂಡಿಗೆಯ ನಡುವೆ ಕೂತಿತು. ನಾನು ಅದನ್ನು ಕೆಳಗುರುಳಿಸಿ, ಕಾಗೆ ಓಡಿಸುವ ಕೋಲಿನಿಂದಲೇ ಬೀಸಿ ಹೊಡೆದೆ. ತೆರೆದಿದ್ದ ಗೇಟು ದಾಟಿ ಮುನಿಸ್ವಾಮಣ್ಣನ ಕಾಲ ಬಳಿ ಹೋಗಿ ನಿಂತಿತು.

"ಯಾರು ಕಲಿಸಿದ್ರು ಅಮ್ಮಣ್ಣಿ?"

"ಕಾಗೆಗಳು," ಅಂದೆ.

ನಕ್ಕರು. ಆಮೇಲೆ ಅಮ್ಮನನ್ನು ಕರೆದು, ಸಂಡಿಗೆಗೆ ಕ್ಷಮೆ ಕೇಳಿ, ವಿಷಯ ಹೇಳಿದರು. ಕ್ಲಬ್ಬಿನ ಇನ್‌ಸ್ಟ್ರಕ್ಟರ್ ಬಿಟ್ಟುಹೋಗಿದ್ದರಂತೆ. ಆ ಕೆಲಸ ತಮಗೆ ಕೊಡಿ ಅಂದದ್ದಕ್ಕೆ ಕಮಿಟಿಯವರೆಲ್ಲ ನಕ್ಕರಂತೆ: ಬ್ಯಾಗ್ ಹೊರೋನು ಪಾಠ ಹೇಳ್ತಾನಾ? ಸೆಕ್ರೆಟರಿ ಮಾತ್ರ ಒಂದು ಛಾನ್ಸ್ ಕೊಟ್ಟಿದ್ದರು. ಆಟವೇ ಗೊತ್ತಿಲ್ಲದ ಒಬ್ಬರಿಗೆ ತಿಂಗಳೊಳಗೆ ಕಲಿಸಿ ತೋರಿಸಬೇಕು. ಮೂರು ಚೆಂಡು, ಒಂದಾದರೂ ಅಲ್ಲಿನ ಹೊಂಗೆಮರ ದಾಟಬೇಕು. ಆ ಒಬ್ಬಳು ನಾನಾಗಬಹುದೇ ಎಂಬುದು ಅವರ ಕೇಳಿಕೆ.

"ಹೆಣ್ಣುಮಗೂನ ಕರ್ಕೊಂಡ್ಹೋದ್ರೆ ಇನ್ನೂ ನಗಲ್ವೇನಪ್ಪಾ?" ಎಂದರು ಅಮ್ಮ.

"ನಗ್ಲಿ ಬಿಡಿ ಅಮ್ಮಾವ್ರೇ. ನಗೋಕೆ ಬಾಯಿ ತೆಗ್ದಿರ್ತಾರಲ್ಲ, ಆಗ್ಲೇ ಚೆಂಡು ಹೋಗ್ಬೇಕು."

ಅಮ್ಮನಿಗೆ ಆ ಮಾತು ಹಿಡಿಸಿತು. "ಸರಿ. ಆದ್ರೆ ಪಾಠದ ಹೊತ್ನಲ್ಲಿ ಕಾಗೆ ಬಂದ್ರೆ ನೀನೇ ಓಡಿಸ್ಬೇಕು ನೋಡು."

ಗ್ರಿಪ್ ಬಂತು, ಸ್ವಿಂಗ್ ಬಂತು. ನನಗಿದ್ದದ್ದು ಒಂದೇ ರೋಗ: ಹೊಡೆಯುವಾಗಲೇ ಚೆಂಡು ಎಲ್ಲಿಗೆ ಹೋಯಿತೆಂದು ತಲೆ ಎತ್ತುವುದು. ಎತ್ತಿದರೆ ಅದು ಹೋಗುವುದೇ ಇಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ವರ್ಷವಿಡೀ "ಚಿನ್ ಅಪ್, ಗರ್ಲ್ಸ್" ಎಂದು ತಿದ್ದಿದ ತಲೆ ಅದು!

"ಹೋಗೋ ಚೆಂಡು ಹೋಗತ್ತೆ, ನೀನು ಅದಿದ್ದ ಜಾಗ ನೋಡು. ಮಿಕ್ಕಿದ್ದು ಸದ್ದೇ ಹೇಳತ್ತೆ," ಎನ್ನುವರು. ಒಂದು ದಿನ ಸಾಕಾಗಿ, ನನ್ನ ಉದ್ದನೆ ಜಡೆಯನ್ನು ಮುಂದಕ್ಕೆ ಹಾಕಿಸಿ, ತುದಿಯನ್ನು ಲಂಗದ ಪಟ್ಟಿಗೆ ಬಿಗಿಯಾಗಿ ಸಿಕ್ಕಿಸಲು ಹೇಳಿದರು.

"ಈಗ ಎತ್ತು, ನೋಡಣ."

ಎತ್ತಿದೆ. ಕೂದಲ ಬುಡದಲ್ಲಿ ಚುರ್ರೆಂದಿತು. ಅವತ್ತಿನಿಂದ ತಲೆ ಏಳಲಿಲ್ಲ.

ಪರೀಕ್ಷೆಯ ದಿನ ಎಡವಿದ್ದು ಅಮ್ಮ. ಕ್ಲಬ್ಬಿಗೆ ನೀಟಾಗಿ ಹೋಗಬೇಕೆಂದು ಸ್ಕೂಲ್ ಯೂನಿಫಾರ್ಮ್ ತೊಡಿಸಿ, ಬೆಲ್ಟು ಬಿಗಿದು, ಎರಡು ಜಡೆ ಹೆಣೆದು, ಮೇಲಕ್ಕೆ ಮಡಿಚಿ ಬಿಳಿ ರಿಬ್ಬನ್ ಕಟ್ಟಿದ್ದರು. ಗಾಬರಿಯಲ್ಲಿ ನನಗೂ ಹೊಳೆಯಲಿಲ್ಲ, ಮುನಿಸ್ವಾಮಣ್ಣನಿಗೂ ಹೊಳೆಯಲಿಲ್ಲ.

ಮೊದಲ ಚೆಂಡು ಎರಡು ಮಾರು ಉರುಳಿತು. ಎರಡನೆಯದಕ್ಕೆ ಹುಲ್ಲಷ್ಟೇ ಹಾರಿತು. ಬೆತ್ತದ ಕುರ್ಚಿಗಳಲ್ಲಿ ಕೂತ ಕಮಿಟಿಯವರ ನಗು. ಮುನಿಸ್ವಾಮಣ್ಣ ಮೂರನೆಯ ಚೆಂಡನ್ನು ಇಟ್ಟು, ಆ ಜಾಗವನ್ನು ಬೆರಳಿನಿಂದ ತಟ್ಟಿದರು. ಅದನ್ನು ನೋಡಿದೆ ನೋಡಿ, ಆಗ ನೆನಪಾಯಿತು. ಕೋಲು ಕೆಳಗಿಟ್ಟು, ರಿಬ್ಬನ್ ಬಿಚ್ಚಿ, ಎರಡೂ ಜಡೆಗಳನ್ನು ಎಳೆದು ಬೆಲ್ಟಿಗೆ ಸಿಕ್ಕಿಸಿದೆ.

"ವಾಟ್ ಈಸ್ ಶಿ ಡೂಯಿಂಗ್?" ಯಾರೋ ಕೇಳಿದರು.

ಟಕ್.

ಚೆಂಡು ನಾನು ನೋಡಲಿಲ್ಲ. ಅದಿದ್ದ ಜಾಗ ನೋಡುತ್ತಿದ್ದೆ. ನಗು ನಿಂತಿತ್ತು.

"ಈಗ ಎತ್ತು ಅಮ್ಮಣ್ಣಿ ತಲೆ," ಎಂದರು ಮುನಿಸ್ವಾಮಣ್ಣ. ಹೊಂಗೆಮರದ ಆಚೆ, ಹಸಿರಿನ ಮೇಲೆ, ಬಿಳೀ ಚುಕ್ಕೆ.

ಸೆಕ್ರೆಟರಿ ಎದ್ದು ಬಂದರು. "ಮುನಿಸ್ವಾಮಿ, ನಾಳೆಯಿಂದ ನೀವು ಬ್ಯಾಗ್ ಮುಟ್ಟಬೇಡಿ." ಅಲ್ಲಿಯವರೆಗೆ ಆ ಕ್ಲಬ್ಬಿನಲ್ಲಿ ಅವರನ್ನು ಯಾರೂ ‘ನೀವು’ ಎಂದಿರಲಿಲ್ಲವಂತೆ.

ಮುಂದೆ ಅವರು ಜಡ್ಜುಗಳಿಗೆ, ಡಾಕ್ಟರುಗಳಿಗೆ, ಅವತ್ತು ನಕ್ಕವರಿಗೂ ಕಲಿಸಿದರು. ಜಡೆಯಿಲ್ಲದ ದೊಡ್ಡಮನುಷ್ಯರ ಟೋಪಿಗೆ ದಾರ ಕಟ್ಟಿ, ತುದಿಯನ್ನು ಬೆಲ್ಟಿಗೆ ಸಿಕ್ಕಿಸುತ್ತಿದ್ದರಂತೆ. ಕೂದಲು ನರೆಯುವವರೆಗೂ ಅವರು ಆ ಕ್ಲಬ್ಬಿನ ಇನ್‌ಸ್ಟ್ರಕ್ಟರ್.

ಆ ಸೈಟಿನಲ್ಲೀಗ ನಾಲ್ಕಂತಸ್ತಿನ ಕಟ್ಟಡ. ನನ್ನ ಕೂದಲೂ ಕಿವಿಯವರೆಗೆ ಬಂದು ನಿಂತಿದೆ. ಬೆಳಗಾದರೆ ಕೇಳುವುದು ಹಾರ್ನ್ ಮಾತ್ರ.

ಕೊನೆಯ ಸಲ ಅವರನ್ನು ನೋಡಿದ್ದು ಸಿದ್ದಾಪುರದ ಮನೆಯಲ್ಲಿ. ಕಣ್ಣು ಪೂರ್ತಿ ಹೋಗಿತ್ತು. ಚೆಂಡು ತಡೆಯಲು ಅಂಗಳದಲ್ಲಿ ಗೋಣಿಚೀಲವೊಂದನ್ನು ನೇತುಹಾಕಿಸಿ, ಹಳೇ ಕೋಲು ನನ್ನ ಕೈಗೆ ಕೊಡಿಸಿದರು. "ಒಂದು ಹೊಡಿ, ಕೇಳ್ತೀನಿ."

ಹೊಡೆದೆ. ಅವರು ಕಿವಿಗೊಟ್ಟು ಕೂತಿದ್ದರು.

"ತಲೆ ಎತ್ತಿದ್ಯಲ್ಲ ಅಮ್ಮಣ್ಣಿ."

ಎತ್ತಿದ್ದೆ. ಅವರ ಮುಖ ನೋಡಲು.