ಬಲಕ್ಕೆ ಕಟ್ಟಿದ ಎತ್ತು

ಹೋದ ವಾರ ಬೆಳ್ಳೂರು ಕ್ರಾಸಿನಲ್ಲಿ ನಾಗಮಂಗಲದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಹುಲ್ಲು ತುಂಬಿದ ಟ್ರಾಕ್ಟರೊಂದು ಬಂದು ಹೋಟೆಲಿನ ಮುಂದೆ ನಿಂತಿತು. ಬೆಳಿಗ್ಗೆ ಬಿದ್ದ ಮಳೆಗೆ ಹುಲ್ಲು ಚೆನ್ನಾಗಿ ನೆನೆದಿತ್ತು. ಬಿಸಿಲು ತಾಗಿದ್ದೇ ತಡ, ಅದರಿಂದ ಬೆಚ್ಚಗಿನ ಒಂದು ವಾಸನೆ ಎದ್ದಿತು... ನೆನೆದ ಭತ್ತದ ಹುಲ್ಲಿನ ವಾಸನೆ. ಅಕ್ಕಪಕ್ಕದವರು ನಿಂತುಕೊಂಡೇ ವಡೆ ತಿನ್ನುತ್ತಿದ್ದರು, ಅವರಿಗೇನೂ ಆಗಲಿಲ್ಲ. ನಾನು ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು ಆಚೆ ಅಂಗಡಿಯ ನೆರಳಿಗೆ ಹೋಗಿ ನಿಂತೆ. ಅರವತ್ತು ದಾಟಿದ ಹೆಂಗಸು ನಾನು, ಹುಲ್ಲಿನ ವಾಸನೆಗೆ ಹೆದರುತ್ತೇನೆ ಅಂತ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಹಳೆಯ ಕನ್ನಡ ಸಿನಿಮಾ ನೋಡುವವರಿಗೆಲ್ಲ ಗೊತ್ತಿರುವ ಒಂದು ದೃಶ್ಯವಿದೆ. ಮದುವೆ ಬೇಡವೆಂದು ಓಡಿಬಂದ ಹುಡುಗಿ ಹುಲ್ಲಿನ ಗಾಡಿ ಹತ್ತಿ ಕೂರುತ್ತಾಳೆ. ಹೊಡೆಯುವವನಿಲ್ಲದ ಗಾಡಿ. ಎತ್ತುಗಳು ಬೆದರಿ ನೇರ ಹೊಳೆಗೆ ಇಳಿಯುತ್ತವೆ, ನಡುನೀರಿನಲ್ಲಿ ಗಾಡಿ ವಾಲುತ್ತದೆ. ಆಮೇಲೆ ಪರದೆಯ ತುಂಬ ಅವಳ ಕಣ್ಣು. ಟೀವಿಯಲ್ಲಿ ಮರೆಯಲಾಗದ ದೃಶ್ಯಗಳು ಅಂತ ಏನಾದರೂ ತೋರಿಸಿದರೆ ಇದು ಇದ್ದೇ ಇರುತ್ತದೆ. ಆ ಕಣ್ಣಿನ ಬಗ್ಗೆ ದೊಡ್ಡದೊಡ್ಡವರು ಮಾತಾಡುವುದನ್ನು ಕೇಳಿದ್ದೇನೆ. ಕಣ್ಣು ನಾಯಕಿಯದು, ಸರಿ. ಅದಕ್ಕೆ ಮುಂಚೆ ಕಾಣುವ ಬೆನ್ನು ನನ್ನದು. ನನ್ನ ಬೆನ್ನ ಹಿಂದಿನ ಹುಲ್ಲಿನೊಳಗೆ ಇನ್ನೊಬ್ಬ ಇದ್ದ. ಅವನು ನಮ್ಮ ಪಕ್ಕದ ಮನೆಯ ದೊಡ್ಡಪ್ಪ.

ರಕ್ತಸಂಬಂಧದ ದೊಡ್ಡಪ್ಪನಲ್ಲ. ನಾವು ಮರಗೆಲಸದ ಆಚಾರಿಗಳು, ಅವರು ಬೇಸಾಯದವರು. ನಡುವೆ ಒಂದು ಮಣ್ಣಿನ ಗೋಡೆ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಹೇಮಾವತಿ ದಡದ ಊರು ನಮ್ಮದು. ಅವನ ಗಾಡಿಯನ್ನು ಮಾಡಿಕೊಟ್ಟವನು ನಮ್ಮಪ್ಪ. ನಮ್ಮ ಕಡೆ ದೊಡ್ಡಪ್ಪನಿಗೆ ಬಹುವಚನ ಹಚ್ಚಿದರೆ ಅವನು ಯಾರೋ ಊರಾಚೆಯವನಾಗಿಬಿಡುತ್ತಾನೆ. ಹಾಗಾಗಿ ಕರೆದ ಹಾಗೇ ಬರೆಯುತ್ತೇನೆ.

ಅವನಿಗೆ ಎರಡು ಎತ್ತು. ಬಿಳಿಯ ಮತ್ತು ಮಲ್ಲ. ಬಿಳಿಯ ಹಾಲಿನ ಬಣ್ಣದವನು, ಮಲ್ಲ ಮಸಿಬೂದಿಯ ಬಣ್ಣದವನು. ಸಂತೆಬಾಚಹಳ್ಳಿ ಕಡೆಯಿಂದ ಕರುಗಳಾಗಿದ್ದಾಗಲೇ ಹೊಡೆದುಕೊಂಡು ಬಂದು, ನೊಗಕ್ಕೆ ಕೊರಳು ಕೊಡುವುದನ್ನು ತಾನೇ ಕಲಿಸಿದ್ದ. ಬಿಳಿಯ ಯಾವತ್ತೂ ಎಡಕ್ಕೆ, ಮಲ್ಲ ಯಾವತ್ತೂ ಬಲಕ್ಕೆ. ಗದ್ದೆಯಲ್ಲಿ ಹಾಗೆ, ಗಾಡಿಗೆ ಹಾಗೆ, ಕೊಟ್ಟಿಗೆಯಲ್ಲಿ ಕಟ್ಟುವಾಗಲೂ ಹಾಗೇ. ದೊಡ್ಡಪ್ಪನ ಕೈಯಲ್ಲಿ ಬಾರುಕೋಲು ಇರುತ್ತಿರಲಿಲ್ಲ, ಎಲ್ಲ ಬಾಯಲ್ಲೇ. ಗಾಡಿ ಎಡಕ್ಕೆ ತಿರುಗಬೇಕೆಂದರೆ "ತಡಿ ಬಿಳಿಯಾ" ಅನ್ನುತ್ತಿದ್ದ. ಎಡದ ಬಿಳಿಯ ಕಾಲೂರಿ ನಿಲ್ಲುತ್ತಿದ್ದ, ಬಲದ ಮಲ್ಲ ಮುಂದೆ ಎಳೆಯುತ್ತಿದ್ದ, ಗಾಡಿ ಎಡಕ್ಕೆ ಹೊರಳುತ್ತಿತ್ತು. ಬಲಕ್ಕೆ ಬೇಕೆಂದರೆ "ತಡಿ ಮಲ್ಲಾ". ಅಷ್ಟೇ. ಅವನು ಗಾಡಿಯಲ್ಲಿ ನಿದ್ದೆಗಣ್ಣಿನಲ್ಲಿ ಅಂದರೂ ಅವು ಕೇಳುತ್ತಿದ್ದವು.

ಸಿನಿಮಾದವರು ನಮ್ಮೂರಿಗೆ ಬಂದಾಗ ನಾನು ಮದುವೆಗೆ ಬಂದ ಹುಡುಗಿ. ನಾಯಕಿಗೆ ನೀರೆಂದರೆ ಭಯವಂತೆ. ಅವಳ ಎತ್ತರ, ಅವಳ ಜಡೆ ಇರುವ ಹುಡುಗಿ ಬೇಕೆಂದು ಊರೆಲ್ಲ ಕಣ್ಣಾಡಿಸಿ ಕಡೆಗೆ ನಮ್ಮ ಮನೆ ಬಾಗಿಲಿಗೆ ಬಂದರು. ನಮ್ಮವ್ವ ಒಲೆ ಮುಂದಿನಿಂದ ಏಳಲೇ ಇಲ್ಲ.

"ನಮ್ ಎಣ್ಣ ಕಳ್ಸಾಕಿಲ್ಲ. ಹೊಳೆ ನೀರು, ಬೆದ್ರೊ ಎತ್ತು, ಯಾರ್ನ ನಂಬ್ಲಿ ನಾನು?"

ನನಗೆ ಒಳಗೊಳಗೇ ಆಸೆ ಕುಣಿಯುತ್ತಿತ್ತು, ಬಾಯಿ ಬಿಡಲು ಧೈರ್ಯವಿಲ್ಲ. ಅಷ್ಟರಲ್ಲಿ ದೊಡ್ಡಪ್ಪ ಬಂದು ಜಗಲಿಯ ಮೇಲೆ ಕೂತ. ಗಾಡಿ ಅವನದು, ಎತ್ತು ಅವನದು. ಹೊಡೆಯುವವನು ಕಾಣಬಾರದು ಅಂತ ಅವನನ್ನು ಹುಲ್ಲಿನೊಳಗೆ ಮಲಗಿಸುವುದೆಂದು ಆಗಲೇ ಮಾತಾಗಿತ್ತು.

"ಗಾಡೀಲಿ ನಾನಿರ್ತೀನಲ್ಲ ಕಣವ್ವ," ಅಂದ ಅವ್ವನಿಗೆ. "ನಿನ್ ಮಗ್ಳು ಎಂಗೆ ಓಯ್ತಾಳೋ ಅಂಗೇ ಬತ್ತಾಳೆ. ನನ್ ಮಾತು."

ಅವ್ವ ಒಲೆ ಮುಂದಿನಿಂದ ಎದ್ದು ಬಂದು ನನ್ನ ತಲೆ ಬಾಚಲು ಕೂತಳು. ಅವನ ಆ ಒಂದು ಮಾತಿನ ಮೇಲೆ ನಾನು ಹೊಳೆಗೆ ಹೋದೆ.

ಅವತ್ತು ದಡದಲ್ಲಿ ಊರೇ ನೆರೆದಿತ್ತು. ನನಗೆ ನಾಯಕಿಯದೇ ಉದ್ದನೆಯ ಮದುವೆ ಸೀರೆ ಉಡಿಸಿದ್ದರು. ಹೊಳೆಯಲ್ಲಿ ಮೊಣಕಾಲುದ್ದ ನೀರು, ಗಾಡಿ ದಾಟುವ ದಾರಿ ಎಲ್ಲರಿಗೂ ಗೊತ್ತಿದ್ದದ್ದೇ. ಬಲಕ್ಕೆ ಮಾತ್ರ ಮರಳು ತೆಗೆದು ದೊಡ್ಡ ಗುಂಡಿ ಬಿದ್ದಿತ್ತು. ಗುರುತಿಗೆ ಅಲ್ಲೊಂದು ಗಳ ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದರು. ಕ್ಯಾಮೆರಾದಲ್ಲಿ ಕಾಣುತ್ತದೆ ಅಂತ ಅದನ್ನು ಕಿತ್ತು ದಡದ ಮೇಲೆ ಒಗೆದರು.

ಆಮೇಲೆ ಡೈರೆಕ್ಟರು ಎತ್ತುಗಳ ಮುಂದೆ ಬಂದು ನಿಂತರು. ಒಳ್ಳೆಯ ಮನುಷ್ಯರೇ, ಗದರಿದವರಲ್ಲ. ಕ್ಯಾಮೆರಾ ಇದ್ದದ್ದು ಬಲಗಡೆಯ ದಿಬ್ಬದ ಮೇಲೆ.

"ಗೌಡ್ರೇ, ಬಿಳಿ ಎತ್ತು ಈ ಕಡೆಗೆ ಬರಲಿ. ಆ ಬೂದು ಎತ್ತು ಅಡ್ಡ ನಿಂತರೆ ಬಿಳಿಯದು ಕಾಣೋದೇ ಇಲ್ಲ."

"ಅದ್ಲುಬದ್ಲು ಕಟ್ಟುದ್ರೆ ನಡೆಯಾಕಿಲ್ಲ ಸ್ವಾಮಿ," ಅಂದ ದೊಡ್ಡಪ್ಪ. "ಅವ್ನು ಎಡುಕ್ಕೇ ಬೆಳ್ದವ್ನು."

"ಈ ದಡದಿಂದ ಆ ದಡಕ್ಕೆ, ಅಷ್ಟೇ ಅಲ್ವಾ? ನಿಮ್ಮ ಬಿಳಿಯನ್ನ ಇಡೀ ರಾಜ್ಯ ನೋಡಲಿ ಗೌಡ್ರೇ," ಅಂತ ಅವರು ಕೈಮುಗಿದೇ ಕೇಳಿದರು.

ಸುತ್ತ ನಿಂತವರು ಬಿಡಬೇಕಲ್ಲ. "ಕಟ್ಲಾ, ಅಷ್ಟ್ ದೊಡ್ ಮನ್ಸ ಕೈ ಮುಗೀತಾವ್ನೆ" ಅಂತ ಆ ಕಡೆಯಿಂದ ಒಬ್ಬ, ಈ ಕಡೆಯಿಂದ ಒಬ್ಬ. ನಮ್ಮ ಕಡೆಯವರ ಹಣೆಬರಹವೇ ಇದು. ಜಗಳಕ್ಕೆ ಬಂದವನಿಗೆ ಆಗಲ್ಲ ಅನ್ನುವುದು ಬಾಯಿಪಾಠ, ಕೈಮುಗಿದು ನಿಂತವನಿಗೆ ಆಗಲ್ಲ ಅನ್ನಲು ಮಾತ್ರ ಬಾಯಿ ಬರುವುದಿಲ್ಲ. ದೊಡ್ಡಪ್ಪ ಬಿಳಿಯನ ಕಡೆ ನೋಡಿದ. ಅವನಿಗೂ ಒಂದು ಆಸೆ ಇತ್ತು, ನಾನದನ್ನು ಕಂಡೆ. ತನ್ನ ಎತ್ತು ಸಿನಿಮಾದಲ್ಲಿ ಚೆಂದವಾಗಿ ಕಾಣಲಿ ಅಂತ. ಕೊರಳಹಗ್ಗ ಬಿಚ್ಚಿ ಅದಲುಬದಲು ಮಾಡಿ ಕಟ್ಟಿದ. ಬಿಳಿಯ ಬಲಕ್ಕೆ, ಮಲ್ಲ ಎಡಕ್ಕೆ.

ದಡದ ಮೇಲೆ ಒಮ್ಮೆ ಓಡಿಸಿ ನೋಡಿದರು. ನೇರ ಓಟ, ಏನೂ ತೊಂದರೆಯಾಗಲಿಲ್ಲ. ಎಲ್ಲರೂ ನಕ್ಕರು. ದೊಡ್ಡಪ್ಪ ಗಾಡಿಯೊಳಗೆ ಮಲಗಿದ, ಮೇಲೆ ಹುಲ್ಲು ಹಾಕಿ ಮುಚ್ಚಿದರು. ಬೆದರಿ ಓಡಿದ ಎತ್ತಲ್ಲವೇ, ಹಿಡಿಯುವ ಹಗ್ಗವೂ ಕಾಣಬಾರದು. ಹಗ್ಗ ತೆಗೆದರು. ಮಾತು ಕೇಳಿಸಿದರೆ ಪರವಾಗಿಲ್ಲ, ಸದ್ದೆಲ್ಲ ಆಮೇಲೆ ಸೇರಿಸುತ್ತೇವೆ ಅಂದರು. ಹುಲ್ಲಿನ ಮೇಲೆ ನೀರೆರಚಿದ್ದರು, ಹೊಳಪು ಬರಲೆಂದು. ಆ ವಾಸನೆ ನನ್ನ ಸುತ್ತ...

"ಮಗ," ಅಂತು ಕೆಳಗಿನಿಂದ ದನಿ. "ನಂಗೇನೂ ಕಾಣಾಕಿಲ್ಲ. ನೀನೇ ನನ್ ಕಣ್ಣು. ಎತ್ತಾಗ್ ಓಯ್ತಾ ಅವೆ ಯೋಳ್ತಿರು."

ಗಾಡಿ ಹೊರಟಿತು. ನೀರು ಚಕ್ರಕ್ಕೆ ಬಡಿದು ನನ್ನ ಮುಖಕ್ಕೆ ಸಿಡಿಯಿತು. ಅರ್ಧ ಹೊಳೆಯವರೆಗೆ ಎಲ್ಲ ಸರಿಯಿತ್ತು. ಅಲ್ಲಿ ನೀರಿನ ಸೆಳೆತಕ್ಕೋ ಏನೋ, ನೊಗಕ್ಕೆ ಚಾಚಿದ ಗಾಡಿಯ ಮೂಕಿ ನಿಧಾನವಾಗಿ ಬಲಕ್ಕೆ ಸರಿಯತೊಡಗಿತು. ಗಳವಿದ್ದ ಜಾಗ ಯಾವುದೆಂದು ಈಗ ತಿಳಿಯುವಂತಿರಲಿಲ್ಲ, ನೀರೆಲ್ಲ ಒಂದೇ ಬಣ್ಣ.

"ದೊಡ್ಡಪ್ಪ, ಬಲುಕ್ಕೆ ಓಯ್ತಾ ಐತೆ."

ಎಡಕ್ಕೆ ತಿರುಗಿಸಬೇಕು. ಎಡಕ್ಕೆ ತಿರುಗಿಸಲು ಇಷ್ಟು ವರ್ಷ ಅವನ ನಾಲಿಗೆಗೆ ಬರುತ್ತಿದ್ದದ್ದು ಒಂದೇ ಮಾತು. ಅದೇ ಬಂತು.

"ತಡಿ ಬಿಳಿಯಾ!"

ಬಿಳಿಯ ಕೇಳಿದ. ಕಾಲೂರಿ ನಿಂತ. ಆದರೆ ಅವನು ಅವತ್ತು ನಿಂತದ್ದು ಬಲಗಡೆ. ಎಡದಲ್ಲಿದ್ದ ಮಲ್ಲ ತನ್ನ ಅಭ್ಯಾಸದಂತೆ ಮುಂದೆ ಎಳೆದ, ಗಾಡಿ ಇನ್ನಷ್ಟು ಬಲಕ್ಕೆ ಹೊರಳಿತು. ನಾನು ಕಿರುಚಿದೆ, ಇನ್ನೂ ಬಲಕ್ಕೆ, ಇನ್ನೂ ಬಲಕ್ಕೆ ಅಂತ. ಅವನು ಇನ್ನಷ್ಟು ಗಟ್ಟಿಯಾಗಿ ಅದನ್ನೇ ಕೂಗಿದ. ಆ ಬಡಪಾಯಿ ಇನ್ನಷ್ಟು ಗಟ್ಟಿಯಾಗಿ ನಿಂತ. ಬಿಳಿಯನ ಕಾಲ ಕೆಳಗೆ ಗುಂಡಿಯ ಅಂಚು ಕುಸಿಯಿತು.

ನೊಗ ಒಂದು ಕಡೆಗೆ ಮುಳುಗಿತು. ಗಾಡಿ ವಾಲಿ, ಹುಲ್ಲೆಲ್ಲ ನೀರಿಗೆ ಜಾರಿ, ಅದರ ಜೊತೆಗೆ ನಾನೂ ಜಾರಿದೆ. ಸೆರಗು ಚಕ್ರದ ಅರಗಳಿಗೆ ಸುತ್ತಿಕೊಂಡು ನನ್ನನ್ನು ಕೆಳಕ್ಕೆ ಎಳೆಯುತ್ತಿತ್ತು. ಬಾಯಿಗೆ ನೀರು ನುಗ್ಗಿತು. ಹುಲ್ಲಿನೊಳಗಿಂದ ದೊಡ್ಡಪ್ಪ ಎದ್ದದ್ದು ಕಾಣಿಸಿತು. ಅವನ ಕೈಯಲ್ಲಿ ಕುಡುಗೋಲಿತ್ತು, ಸೊಂಟಕ್ಕೆ ಯಾವಾಗಲೂ ಸಿಕ್ಕಿಸಿಕೊಳ್ಳುವ ಅದೇ ಕುಡುಗೋಲು.

ಅವನ ಒಂದು ಕಡೆ ಬಿಳಿಯ, ಮೂಗು ಮಾತ್ರ ನೀರಿನ ಮೇಲೆ. ಕೊರಳಹಗ್ಗ ಒಂದು ಸಲ ಕೊಯ್ದರೆ ಸಾಕು, ಈಜಿಕೊಂಡು ಹೋಗುತ್ತಿದ್ದ. ಇನ್ನೊಂದು ಕಡೆ ನಾನು. ದೊಡ್ಡಪ್ಪ ಬಿಳಿಯನ ಕಡೆ ಒಮ್ಮೆ ನೋಡಿದ. ನಾನು ಆ ನೋಟವನ್ನು ನೋಡಿದೆ... ಆಮೇಲೆ ನನ್ನ ಕಡೆ ಬಂದ.

ಸೀರೆ ಕೊಯ್ದು, ನನ್ನನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ನೀರು ಕಡಿಮೆ ಇರುವ ಕಡೆ ತಂದು ನಿಲ್ಲಿಸಿದ. ತಿರುಗಿ ಓಡಿದ. ಮಲ್ಲ ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ ಬುಸುಗುಡುತ್ತಿದ್ದ. ಬಿಳಿಯನ ಮೂಗು ಕಾಣಲಿಲ್ಲ. ದೊಡ್ಡಪ್ಪ ನೀರೊಳಗೆ ಮುಳುಗಿ ಹಗ್ಗ ಕೊಯ್ದ. ಬಿಳಿಯ ಮೇಲೆ ಬಂದ, ಬಂದು ಸುಮ್ಮನೆ ತೇಲಿದ.

ಇಷ್ಟಾದರೂ ದಿಬ್ಬದ ಮೇಲೆ ಕ್ಯಾಮೆರಾ ಓಡುತ್ತಲೇ ಇತ್ತು. ಕ್ಯಾಮೆರಾದವನು ಅಳುತ್ತಿದ್ದನಂತೆ, ಅಳುತ್ತಲೇ ತಿರುಗಿಸುತ್ತಿದ್ದನಂತೆ. ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟು ಬರುತ್ತದೆ. ಆಮೇಲೆ ನಾಯಕಿಯನ್ನು ದಡದ ಮೇಲೆ ಬೇರೆ ಗಾಡಿಯಲ್ಲಿ ಕೂರಿಸಿ, ನಾಲ್ಕು ಜನ ಅಲ್ಲಾಡಿಸಿ, ಬಿಂದಿಗೆಯಲ್ಲಿ ನೀರು ಎರಚಿದರು. ಜಗತ್ತು ಹೊಗಳುವ ಕಣ್ಣು ಅಲ್ಲಿಯದು.

ದೊಡ್ಡಪ್ಪ ಬಿಳಿಯನಿಗೆ ಅರಿಶಿನ ಕುಂಕುಮ ಇಟ್ಟು ತನ್ನ ಗದ್ದೆಯ ಬದುವಿನಲ್ಲೇ ಮಣ್ಣು ಮಾಡಿದ. ನಮ್ಮ ಮನೆಗೆ ಬಂದು ಅವ್ವನಿಗೆ "ನಿನ್ ಮಗಳ್ನ ತಂದಿವ್ನಿ ಕಣವ್ವ, ನೋಡ್ಕೊ" ಅಂದ. ಅವ್ವ ಅವನ ಕಾಲು ಹಿಡಿಯಲು ಬಗ್ಗಿದಳು, ಅವನು ನಿಲ್ಲದೆ ಹೊರಟುಹೋದ.

ಸಿನಿಮಾ ಪೇಟೆಯ ಟಾಕೀಸಿಗೆ ಬಂದಾಗ ಊರಿಗೆ ಊರೇ ಗಾಡಿ ಕಟ್ಟಿಕೊಂಡು ಹೋಯಿತು. ದೊಡ್ಡಪ್ಪ ಹೋಗಲಿಲ್ಲ. ನಾನು ಹೋಗಿದ್ದೆ. ಗಾಡಿ ವಾಲಿದಾಗ ಜನ ಶಿಳ್ಳೆ ಹೊಡೆದರು, ಕಾಸು ತೂರಿದರು. ನಾನು ಎದ್ದು ಹೊರಗೆ ಬಂದು ಗೋಡೆ ಹಿಡಿದು ವಾಂತಿ ಮಾಡಿಕೊಂಡೆ. ಮುಂದೆ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು "ಸಿನಿಮಾದಲ್ಲಿ ಬೆನ್ನು ತೋರ್ಸಿದ್ ಹುಡ್ಗಿ ಇದೇನಾ" ಅಂತ ಕೇಳಿದ್ದೂ ಉಂಟು. ಹಾಗೆ ಕೇಳಿದ ಮನೆಯನ್ನು ಬಿಟ್ಟು ನಾಗಮಂಗಲದ ಇನ್ನೊಂದು ಮನೆಗೆ ಸೊಸೆಯಾದೆ. ಬಟ್ಟೆ ಹೊಲಿದೆ, ಮಕ್ಕಳನ್ನು ಬೆಳೆಸಿದೆ. ದೊಡ್ಡಪ್ಪ ಮಲ್ಲನಿಗೆ ಜೋಡಿ ತರಲಿಲ್ಲ. ಅದು ಸಾಯುವವರೆಗೂ ಕೊಟ್ಟಿಗೆಯ ಬಲಗಡೆ ಒಂಟಿಯಾಗಿ ನಿಂತು ಮೇವು ತಿಂದಿತು. ಆ ದಿನದ ಬಗ್ಗೆ ಅವನೂ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ಕೇಳಲು ಭಯ. ಎಲ್ಲಿ ನನ್ನ ಮುಖ ನೋಡಿದರೆ ಅವನಿಗೆ ಬಿಳಿಯ ನೆನಪಾಗುತ್ತಾನೋ ಅನ್ನುವ ಭಯ...

ಎರಡು ವರ್ಷದ ಹಿಂದೆ ತವರಿಗೆ ಹೋದಾಗ ಅವನು ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಮುದುಕನಾಗಿದ್ದ, ದನಿ ತೆಳುವಾಗಿತ್ತು. ನನ್ನ ಕೈಯಲ್ಲಿದ್ದ ಫೋನು ನೋಡಿ ತಾನಾಗಿಯೇ ಕೇಳಿದ.

"ಇದ್ರಲ್ಲಿ ಅದು ಬತ್ತದಂತಲ್ಲ ಮಗ. ನಮ್ ಬಿಳಿಯಂದು."

ಹುಡುಕಿ ಹಚ್ಚಿದೆ. ಎತ್ತುಗಳು ಓಡಿಬಂದು ನೀರಿಗಿಳಿದವು. ಬಿಳಿಯ ಬಲಗಡೆ, ಬಿಸಿಲಿಗೆ ಹೊಳೆಯುತ್ತಿದ್ದ. ಡೈರೆಕ್ಟರು ಹೇಳಿದ್ದು ಸುಳ್ಳಲ್ಲ, ನಿಜವಾಗಿಯೂ ಚೆಂದ ಕಾಣುತ್ತಿದ್ದ.

"ಅಲ್ಲೇ ನಿಲ್ಸು," ಅಂದ ದೊಡ್ಡಪ್ಪ. ನಿಲ್ಲಿಸಿದೆ. ಗುಂಡಿ ಇನ್ನೂ ಮುಂದಿತ್ತು. ಅವನು ಫೋನನ್ನು ಎರಡು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದ. "ಯೋಳ್ದಂಗ್ ಕೇಳ್ದ ಮಗ ಅವ್ನು. ನಿಲ್ಲು ಅಂದೆ, ನಿಂತ. ತಪ್ಪು ಮಾಡಿದ್ ನನ್ ನಾಲ್ಗೆ."

"ನಾನು ಇದೀನಲ್ಲ ದೊಡ್ಡಪ್ಪ," ಅಂದೆ.

"ಊಂ. ನೀನಿದೀಯ," ಅಂತ ತಲೆಯಾಡಿಸಿದ. ಆಮೇಲೆ ಹೆಬ್ಬೆರಳಿನಿಂದ ಬಿಳಿಯನ ಕತ್ತನ್ನು ಸವರಿದ.

ಫೋನಿಗೇನು ಗೊತ್ತು, ಬೆರಳು ತಾಗಿತು, ಚಿತ್ರ ಮತ್ತೆ ಓಡಿತು. ಮೂಕಿ ಬಲಕ್ಕೆ ಸರಿಯತೊಡಗಿತು. ನಾನು ಕಿತ್ತುಕೊಳ್ಳಲು ಕೈ ಚಾಚಿದೆ. ಅವನು ಬಿಡಲಿಲ್ಲ. ಮುಂದಕ್ಕೆ ಬಾಗಿ, ಕೊಟ್ಟಿಗೆಯಲ್ಲಿ ಮಾತಾಡುತ್ತಿದ್ದ ಅದೇ ಮೆಲುದನಿಯಲ್ಲಿ ಹೇಳಿದ:

"ತಡಿ ಮಲ್ಲಾ. ತಡಿ... ತಡಿಯಪ್ಪ."

ಅವತ್ತು ಹೊಳೆಯಲ್ಲಿ ಹೇಳಬೇಕಿದ್ದದ್ದು ಅದು. ಅದಲುಬದಲು ಕಟ್ಟಿದ ಎತ್ತುಗಳಿಗೆ ಆ ಮಾತು ಹೇಳಿದ್ದರೆ ಗಾಡಿ ಎಡಕ್ಕೆ ಹೊರಳುತ್ತಿತ್ತು. ಎಷ್ಟು ವರ್ಷ ಅದನ್ನು ಬಾಯೊಳಗೆ ಇಟ್ಟುಕೊಂಡು ಬದುಕಿದ್ದನೋ. ಫೋನಿನಲ್ಲಿ ಮಲ್ಲ ನಿಲ್ಲಲಿಲ್ಲ, ಗಾಡಿ ವಾಲಿತು, ನಾಯಕಿಯ ಕಣ್ಣು ಬಂತು. ದೊಡ್ಡಪ್ಪ ಫೋನನ್ನು ನನ್ನ ಮಡಿಲಲ್ಲಿಟ್ಟು ಪಂಚೆಯಿಂದ ಮುಖ ಒರೆಸಿಕೊಂಡ. ಮುಂದಿನ ಸುಗ್ಗಿಯ ಹೊತ್ತಿಗೆ ಅವನು ಇರಲಿಲ್ಲ.

ಮೊನ್ನೆ ಭಾನುವಾರ ಟೀವಿಯಲ್ಲಿ ಮತ್ತೆ ಆ ಸಿನಿಮಾ ಬಂತು. ಮನೆಯವರೆಲ್ಲ ಕೂತಿದ್ದರು. ಹೊಳೆ ಬಂದಾಗ ನಾನು ಏಳಲಿಲ್ಲ, ಕೂತು ಪೂರ್ತಿ ನೋಡಿದೆ. ಮೂಕಿ ಸರಿಯುತ್ತಿದ್ದಂತೆ ನನ್ನ ಬಾಯಿಂದ ಆ ಮಾತು ಗಟ್ಟಿಯಾಗಿಯೇ ಬಂದುಬಿಟ್ಟಿತು. ಯಾರಿಗೆ ಹೇಳುತ್ತಿದ್ದೀಯಮ್ಮ ಅಂತ ಸೊಸೆ ಕೇಳಿದಳು. ಮಲ್ಲನಿಗೆ ಅಂದೆ. ಮಲ್ಲ ಅಂದರೆ ಯಾರು ಅಂತ ಅವಳು ಕೇಳಲಿಲ್ಲ, ಕೇಳಿದ್ದರೂ ಹೌದು ಕಣವ್ವ ಅಂತ ನನ್ನ ಪಕ್ಕದಲ್ಲಿ ಸಾಕ್ಷಿಗೆ ನಿಲ್ಲುವವನು ಈಗ ಇಲ್ಲ.